ಅಜ್ಜಿ ಹೇಳಬೇಡ ಅಂದದ್ದು

"ಇಲ್ಲ ಅಂತ ಹೇಳು," ಎಂದಳು ಚನ್ನಬಸವ್ವಜ್ಜಿ, ಊದಿದ ಕೆನ್ನೆಗೆ ಸೆರಗು ಒತ್ತಿಕೊಂಡು.

ಪ್ರಾರ್ಥನಾ ತೆರೆದ ಬಾಯಿ ಹಾಗೇ ಮುಚ್ಚಿದಳು. ಪರದೇಶದ ಟಾರ್ನೀಟ್ ಊರಿನ ಫಾರ್ಮಸಿಯಲ್ಲಿ ಫಾರ್ಮಸಿಸ್ಟ್ ಆಂಟಿ ಕೇಳಿದ್ದು ಇಷ್ಟೇ: ಅಜ್ಜಿ ಬೇರೆ ಯಾವುದಾದರೂ ಮಾತ್ರೆ ತಗೊಳ್ತಾರಾ?

ಅಜ್ಜಿಗೆ ಇಂಗ್ಲಿಷ್ ಬಾರದು. ಅಪ್ಪ ಹೊರಗೆ ಕಾರಿನಲ್ಲಿ, ಮಲಗಿದ್ದ ತಮ್ಮನ ಜೊತೆ. ಹಾಗಾಗಿ ಹತ್ತು ವರ್ಷದ ಪ್ರಾರ್ಥನಾಳೇ ಇವತ್ತಿನ ಇಂಟರ್‌ಪ್ರಿಟರ್. ಬಂದಾಗಿನಿಂದ ಜಂಬವೋ ಜಂಬ. ಈಗ ಅದು ಜರ್ರನೆ ಇಳಿಯಿತು.

"ಅಜ್ಜಿ, ನೀ ಡೈಲಿ ತಗೋತೀಯಲ್ಲ? ಮೊಣಕಾಲು ನೋವಿಗೆ?"

"ಸುಮ್ನಿರು! ನಿಮ್ಮಪ್ಪಗ ಗೊತ್ತಾದ್ರ ನನ್ನ ಮೊಣಕಾಲಿನ ಚಿಂತಿ ಹಚ್ಕೋತಾನ. ಈಕಿ ನೋಡಿದ್ರ ಗುಳಿಗಿ ಕಸ್ಕೊಂಡಾಳು."

"ನೋ," ಎಂದಳು ಪ್ರಾರ್ಥನಾ. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಆಂಟಿ ತಲೆಯಾಡಿಸಿ ಹೊಸ ಮಾತ್ರೆಯ ಡಬ್ಬಿ ಮುಂದಿಟ್ಟರು. "ಹಲ್ಲು ಕಿತ್ತ ನೋವಿಗೆ ಡೆಂಟಿಸ್ಟ್ ಇದನ್ನ ಬರೆದಿದ್ದಾರೆ. ಇದರಲ್ಲಿ ಕೊಡೀನ್ ಇದೆ. ತುಂಬಾ ನಿದ್ದೆ ಬರಬಹುದು. ಜಾಸ್ತಿ ದಿನ ತಗೊಂಡ್ರೆ ಬಿಡೋದು ಕಷ್ಟ. ಅದಕ್ಕೇ ಮೂರೇ ದಿನ. ನೋವು ಬೇಗ ಕಮ್ಮಿ ಆದ್ರೆ ಬೇಗ ನಿಲ್ಲಿಸಿ. ಮತ್ತೆ, ಇದರಲ್ಲೇ ಪ್ಯಾರಾಸಿಟಮಾಲ್ ಕೂಡ ಇದೆ. ಜೊತೆಗೆ ಇನ್ನೊಂದು ಪ್ಯಾರಾಸಿಟಮಾಲ್ ತಗೊಂಡ್ರೆ ಲಿವರ್ ಹಾಳಾಗಬಹುದು."

ಪ್ಯಾರಾಸಿಟಮಾಲ್! ಅಜ್ಜಿ ಊರಿಂದ ತಂದಿದ್ದ ಮಾತ್ರೆಯ ಮೇಲೂ ಅದೇ ಹೆಸರಿತ್ತು. ಪ್ರಾರ್ಥನಾ ಕೌಂಟರಿನ ಹತ್ತಿರಕ್ಕೆ ಸರಿದಳು.

"ಸಾರಿ, ನಾನು ಸುಳ್ಳು ಹೇಳಿದೆ," ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿ ಅಜ್ಜಿಯ ಚೀಲ ತೋರಿಸಿದಳು. "ಅಜ್ಜಿ ಇಂಡಿಯಾದ ಟ್ಯಾಬ್ಲೆಟ್ ತಗೊಳ್ತಾರೆ. ದಿನಾ."

ಭಾಷೆ ತಿಳಿಯದಿದ್ದರೂ ಅಜ್ಜಿಗೆ ಆ ಬೆರಳು ತಿಳಿಯಿತು. "ಮನ್ಯಾಗಿನ ಮಾತು ಅಂಗಡ್ಯಾಗ ಹೇಳಿದಿ!" ಎಂದು ಮುಖ ತಿರುಗಿಸಿದಳು. ಪ್ರಾರ್ಥನಾಳಿಗೆ ಅಳು ಬಂತು. ಆದರೂ ಲಿವರ್‌ನ ಮಾತನ್ನೆಲ್ಲ ಹೇಳಿದಳು.

ಅಜ್ಜಿ ಮತ್ತೆ ಮೊಮ್ಮಗಳತ್ತ ತಿರುಗಿದಳು. ಆಮೇಲೆ ಚೀಲದಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಕೌಂಟರಿನ ಮೇಲಿಟ್ಟಳು. ಆಂಟಿ ಅದರ ಮೇಲಿನ ಹೆಸರು ಓದಿ ನೋಡಿದರು. ಅದೇ ಔಷಧಿ. ಬೈಯುತ್ತಾರೆ ಎಂದುಕೊಂಡರೆ ಸ್ಟ್ರಿಪ್ಪನ್ನು ಅಜ್ಜಿಯ ಕೈಗೇ ವಾಪಸ್ ಕೊಟ್ಟರು.

"ಹೊಸದು ತಗೊಳ್ಳೋವಾಗ ಇದು ಬೇಡ. ಮೊಣಕಾಲಿಗೆ ಡಾಕ್ಟರನ್ನ ನೋಡಿ. ಹೊಟ್ಟೆಯ ತೊಂದರೆ ಏನಾದರೂ ಇದೆಯಾ?"

ಪ್ರಾರ್ಥನಾ ಕೇಳಿದಳು. ಅಜ್ಜಿ ಕೈಯಲ್ಲಿದ್ದ ಸ್ಟ್ರಿಪ್ಪನ್ನೂ ಮೊಮ್ಮಗಳನ್ನೂ ನೋಡಿದಳು. ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದಳು:

"ಮೂರು ದಿನ ಆತು, ಸಂಡಾಸ ಆಗಿಲ್ಲ."

"ಅಯ್ಯೋ ಅಜ್ಜಿ! ಇದನ್ನೂ ಹೇಳ್ಲಾ?"

"ಹೇಳು. ಎಲ್ಲಾ ಹೇಳಿಬಿಡು."

ಪ್ರಾರ್ಥನಾ ಹಿಂದೆ ನೋಡಿದಳು. ಕ್ಯೂನಲ್ಲಿ ಅವಳ ಕ್ಲಾಸಿನ ಕೌಶಿಕ್! ಅವಳ ಕಿವಿ ಬಿಸಿಯಾಯಿತು. ಮೆಲ್ಲಗೆ ಹೇಳಿದರೆ ಆಂಟಿಗೆ ಕೇಳಿಸಲಿಲ್ಲ. ಜೋರಾಗಿಯೇ ಹೇಳಿದಳು. ಕೌಶಿಕ್ ಕಿಸಕ್ಕೆಂದ.

ಆಂಟಿ ನಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಕೊಡೀನ್‌ನಿಂದ ಮಲಬದ್ಧತೆ ಇನ್ನೂ ಜಾಸ್ತಿ ಆಗುತ್ತೆ. ಬೇರೆ ಮಾತ್ರೆ ಬರೆದುಕೊಡ್ತಾರಾ ಅಂತ ಡೆಂಟಿಸ್ಟ್‌ಗೆ ಫೋನ್ ಮಾಡಿ ಕೇಳ್ತೀನಿ, ಇರಿ."

ಅಪ್ಪನಿಗೂ ಹೇಳದ ಮಾತನ್ನು ಅಜ್ಜಿ ತನಗೆ ಹೇಳಿದ್ದಳು. ಕೌಶಿಕ್ ಇನ್ನೂ ನಗುತ್ತಿದ್ದ. ನಗಲಿ ಬಿಡು ಅನ್ನಿಸಿತು ಪ್ರಾರ್ಥನಾಳಿಗೆ.

"ಏನಂದ್ಲು ಆಕಿ?" ಅಜ್ಜಿ ಅವಳ ಭುಜ ಹಿಡಿದು ಕೇಳಿದಳು.

ಪ್ರಾರ್ಥನಾ ಒಂದು ಮಾತೂ ಬಿಡದೆ ಹೇಳತೊಡಗಿದಳು.