ಮೊಂಡಿಗೊಂದು ಬೇರೆ ಕೋಣೆ

“ನಿಮ್ಮ ಮಾಡ್ಯೂಲ್ ಇದರಲ್ಲಿ ಕೂರಲ್ಲ ಮೇಡಂ.”

“ಕೂರಲ್ವೋ, ಕೂರಿಸೋಕೆ ನಿಮಗೆ ಬರಲ್ವೋ?”

ಮೇಜಿನ ಕೆಳಗಿಂದ ಒಂದು ತಲೆ ಮೇಲೆ ಬಂತು. ಅವನ ಕೊರಳಲ್ಲಿ ಉದ್ದದ ಕೇಬಲ್ ಒಂದು ಹಾರದ ಹಾಗೆ ನೇತಾಡುತ್ತಿತ್ತು. ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಆ ಕೇಂದ್ರದಲ್ಲಿ ಕಂಪ್ಯೂಟರುಗಳ ಹೊಣೆಯೆಲ್ಲ ಅವನದೇ. ಎಲ್ಲರೂ ಅವನನ್ನು ಕೇಬಲ್ ಎಂದೇ ಕರೆಯುತ್ತಿದ್ದರು.

ಮಾಡ್ಯೂಲ್ ಹೊತ್ತು ತಂದಿದ್ದ ಅವಳಿಗಿನ್ನೂ ಅಲ್ಲಿ ಅಡ್ಡಹೆಸರು ಬಿದ್ದಿರಲಿಲ್ಲ. ಆ ಸಂಜೆಯೊಳಗೆ ಅದೂ ಬಿತ್ತು. ಮೊಂಡಿ.

ಬೀಳದೆ ಇರುತ್ತದೆಯೇ? ಕೇಂದ್ರದ ಮೂರು ಕೋಣೆಗಳಿಗೆ ಮೂವರು ದಾನಿಗಳು ಮೂರು ಜಾತಿಯ ಕಂಪ್ಯೂಟರ್ ಕೊಟ್ಟಿದ್ದರು. ಒಂದರಲ್ಲಿ ವಿಂಡೋಸ್, ಒಂದರಲ್ಲಿ ಲಿನಕ್ಸ್, ಇನ್ನೊಂದು ಮ್ಯಾಕ್. ಸದ್ಯಕ್ಕೆ ವಿಂಡೋಸ್ ಕೋಣೆಯಲ್ಲಿ ನಡೆದರೆ ಸಾಕಲ್ಲವೇ ಎಂದು ಕೇಬಲ್ ಕೇಳಿದ. ಸಾಲದು ಎಂದಳು. ಉಳಿದೆರಡನ್ನು ಮುಂದಿನ ವರ್ಷ ನೋಡೋಣ ಎಂದ. ಮುಂದಿನ ವರ್ಷದವರೆಗೆ ಆ ಕೋಣೆಗಳಲ್ಲಿ ಕಲಿಯುವವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕೇ ಎಂದು ಇವಳು ಕೇಳಿದಳು.

ಅವಳ ಹಟಕ್ಕೆ ಕಾರಣವಿತ್ತು. ಆ ಕಾರಣ ಮ್ಯಾಕ್ ಇದ್ದ ಕೋಣೆಯಲ್ಲಿ, ಮೈಕಿನ ಮುಂದೆ ಕುಳಿತಿತ್ತು.

ಅವಳ ಅಪ್ಪ ಒಂದು ಕಾಲಕ್ಕೆ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಕೂಗಿದರೆ ಆಚೆ ಬೀದಿಯ ನಾಯಿ ಎದ್ದು ನಿಲ್ಲುತ್ತಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ಆ ದನಿ ಹೋಯಿತು. ಈಗ ಮೇಜಿನ ಮೇಲೆ ಬೆರಳು ಬಡಿಯುತ್ತಾರೆ. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಉಸಿರನ್ನು ಹೊಸ ದಾರಿಯಲ್ಲಿ ತಂದು ಮಾತಾಡಿಸಲು ಅಲ್ಲಿನ ಟೀಚರಕ್ಕ ಅವರಿಗೆ ಕಲಿಸುತ್ತಿದ್ದರು.

ಕಲಿಯುವವರಿಗೆ ತಮ್ಮ ದನಿ ಕಣ್ಣಿಗೆ ಕಾಣಬೇಕು. ಮೈಕಿಗೆ ಮಾತಾಡಿದರೆ ಪರದೆಯ ಮೇಲೆ ಗೆರೆಯೊಂದು ಏಳುವ ಪ್ರೋಗ್ರಾಂ ಕೇಂದ್ರದಲ್ಲಿತ್ತು, ಆದರೆ ಅದಕ್ಕೆ ನಮ್ಮ ಮಾತು ಗೊತ್ತಿರಲಿಲ್ಲ. ‘ಳ’ ಎಂದರೆ ಅದು ಕಿವುಡಾಗುತ್ತಿತ್ತು. ಪ್ರೋಗ್ರಾಮರ್ ಆಗಿದ್ದ ಮಗಳು ಸುಮ್ಮನಿರಲಿಲ್ಲ. ಅದಕ್ಕೆ ನಮ್ಮ ಉಚ್ಚಾರ ಕಲಿಸುವ ಮಾಡ್ಯೂಲ್ ಒಂದನ್ನು, ಅಂದರೆ ಅದಕ್ಕೆ ಜೋಡಿಸುವ ಹೊಸ ಭಾಗವನ್ನು, ತಾನೇ ಬರೆದಳು. ದನಿ ಸರಿ ಬಂದರೆ ಗೆರೆ ಹಸಿರಾಗಬೇಕು.

ಡಾಕ್ಟರಮ್ಮ, ಅಂದರೆ ಕೇಂದ್ರದ ಮುಖ್ಯಸ್ಥೆ, ಮೆಚ್ಚಿಕೊಂಡರು. ಆದರೆ ಷರತ್ತೊಂದನ್ನು ಹಾಕಿದರು. ಪರೀಕ್ಷೆಯ ದಿನ ಮೂರೂ ಕೋಣೆಯಲ್ಲಿ ಅದು ನಡೆಯಬೇಕು, ಇಲ್ಲವಾದರೆ ಹೊರಗಿನ ಕಂಪನಿಯ ಸಿದ್ಧ ಪ್ಯಾಕೇಜ್ ತರಿಸುವುದು. ಆ ಪ್ಯಾಕೇಜಿನಲ್ಲೂ ‘ಳ’ ಇರಲಿಲ್ಲ. ಅದು ಬಂದರೆ ಅಪ್ಪ ಪರಭಾಷೆಯ ಪದಗಳನ್ನೇ ಒದರುತ್ತ ಕೂರಬೇಕಿತ್ತು.

ನನ್ನ ಅಪ್ಪ ನನ್ನನ್ನು ಬೈಯಬೇಕಾದರೂ ನಮ್ಮ ಮಾತಲ್ಲೇ ಬೈಯಬೇಕು... ಎಂದುಕೊಂಡಳು ಮೊಂಡಿ.

ಮಾರನೆಯ ಬೆಳಗ್ಗೆಯೇ ಇಬ್ಬರೂ ಕೆಲಸಕ್ಕೆ ಕೂತರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಿತ್ತು ಮೂರು ಕಂಪ್ಯೂಟರುಗಳ ಸಂಸಾರ. ಲಿನಕ್ಸಿನಲ್ಲಿ ಮೈಕಿಗೆ ಬೇಕಾದ ಒಂದು ತುಣುಕು ಇರಲಿಲ್ಲ. ವಿಂಡೋಸಿನಲ್ಲಿ ಮಾಡ್ಯೂಲನ್ನು ಕಟ್ಟುವ ಸಲಕರಣೆಯೇ ಇರಲಿಲ್ಲ. ಕೇಬಲ್ ತನ್ನ ಕಂಪ್ಯೂಟರಿನಲ್ಲಿ ಅದನ್ನು ಕಟ್ಟಿ, ಸಿದ್ಧ ಮಾಡಿ ತಂದು ಕೂರಿಸಿದ. ಮ್ಯಾಕಿನ ಚಿಪ್ ಬೇರೆ ಥರದ್ದು, ಅದಕ್ಕೆ ಮತ್ತೆ ಬೇರೆಯೇ ಕಟ್ಟಬೇಕಾಯಿತು.

ಅವನದೊಂದು ಪದ್ಧತಿ ಇತ್ತು. ಪ್ರತಿ ಕಂಪ್ಯೂಟರಿನಲ್ಲೂ ಎಲ್ಲ ಪ್ರೋಗ್ರಾಂಗಳನ್ನೂ ನಡೆಸುವ ಪೈಥಾನ್ ಎಂಬ ಹಳೆಯ ವ್ಯವಸ್ಥೆಯೊಂದು ಇತ್ತು, ಹೊಸ ಮಾಡ್ಯೂಲನ್ನು ಅವನು ಅದಕ್ಕೆ ಸೇರಿಸುತ್ತಲೇ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಪೈಥಾನ್ ಹಾಕಿ, ಬೇಲಿ ಕಟ್ಟಿ, ಅದರೊಳಗೇ ಇಡುತ್ತಿದ್ದ.

“ಹೊಸ ನೆಂಟರನ್ನ ಸೀದಾ ಅಡುಗೆಮನೆಗೆ ಬಿಡಬಾರದು ಮೇಡಂ. ಮೊದಲು ಬೇರೆ ಕೋಣೆ ಕೊಡಬೇಕು. ಹಳಬರೂ ಮುನಿಸಿಕೊಳ್ಳಲ್ಲ, ಇವರೂ ನೆಮ್ಮದಿಯಾಗಿರ್ತಾರೆ. ಆದ್ರೆ ಆ ಕೋಣೆ ಬಾಗಿಲಿಂದಲೇ ಕರೀಬೇಕು. ಹಳೇ ಬಾಗಿಲಲ್ಲಿ ಕೇಳಿದ್ರೆ ಅಂಥವರು ಇಲ್ಲಿಲ್ಲ ಅಂತಾರೆ.”

ಅವನು ಹೇಳಿದ್ದರಲ್ಲಿ ಅವಳ ಕಿವಿಗೆ ಬಿದ್ದದ್ದು ಅರ್ಧ ಮಾತ್ರ. ಮಿಕ್ಕರ್ಧ ಹೊತ್ತು ಕೀಲಿಮಣೆಯ ಮೇಲೆ ಓಡುತ್ತಿದ್ದ ಅವನ ಬೆರಳುಗಳನ್ನು ನೋಡುತ್ತಿದ್ದಳು. ನೋಡುತ್ತಿದ್ದೀಯ ಎಂದು ಯಾರಾದರೂ ಹೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು, ಆ ಮಾತು ಬೇರೆ.

ಒಂದು ಮಧ್ಯಾಹ್ನ ಚಹಾ ಕುಡಿಯುವಾಗ, ಆ ಪ್ಯಾಕೇಜ್ ಕಂಪನಿಯವರು ತನ್ನನ್ನು ಕೆಲಸಕ್ಕೆ ಕರೆಯುತ್ತಿದ್ದಾರೆ ಎಂದು ಅವನು ನಗುತ್ತ ಹೇಳಿದ. ಅವಳೂ ನಕ್ಕಳು. ಆದರೆ ಒಳಗೆಲ್ಲೋ ಮುಳ್ಳು ಮುರಿದ ಹಾಗಾಯಿತು. ಇವನು ಹೋಗಿಬಿಟ್ಟರೆ...?

ಪರೀಕ್ಷೆಯ ಹಿಂದಿನ ದಿನ, ಮ್ಯಾಕ್ ಕೋಣೆಯಲ್ಲೂ ಕೂರಿಸಿದ್ದಾಯಿತು ಎಂದು ಕೇಬಲ್ ಹೇಳಿದ. ಒತ್ತಿದರೆ ತೆರೆಯುವ ಐಕಾನ್ ಒಂದನ್ನು ಇಡುವುದಷ್ಟೇ ಬಾಕಿ. ಉಳಿದೆರಡು ಕೋಣೆಯಲ್ಲಿ ಅದನ್ನು ಇಟ್ಟವನು ಕೇಬಲ್. ಇಲ್ಲಿ ಮಾತ್ರ, ಅವನು ಬೇರೆ ಕೆಲಸಕ್ಕೆ ಹೋಗಿದ್ದಾಗ, ನನಗೇನು ಬರುವುದಿಲ್ಲವೇ ಎಂದು ಇವಳೇ ಇಟ್ಟಳು. ಒಮ್ಮೆ ಒತ್ತಿ ನೋಡಲೂ ಇಲ್ಲ.

ಮರುದಿನ ಡಾಕ್ಟರಮ್ಮ ಬಂದರು, ಟೀಚರಕ್ಕ ಬಂದರು, ಪ್ಯಾಕೇಜ್ ಮಾರುವ ಟೈ ಕಟ್ಟಿದವನೂ ಚೀಲ ಹಿಡಿದು ಬಂದ. ವಿಂಡೋಸ್ ಗೆದ್ದಿತು. ಲಿನಕ್ಸ್ ಗೆದ್ದಿತು. ಕೊನೆಗೆ ಮ್ಯಾಕ್ ಕೋಣೆ. ಅಪ್ಪ ಮೈಕಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಟೀಚರಕ್ಕ ಐಕಾನ್ ಒತ್ತಿದರು.

ಅಂಥ ಮಾಡ್ಯೂಲ್ ಇಲ್ಲ ಎಂದಿತು ಪರದೆ.

ಮತ್ತೊಮ್ಮೆ ಒತ್ತಿದರೂ ಅದೇ ಉತ್ತರ. ಟೈ ಕಟ್ಟಿದವನು ಕೇಬಲ್‌ನ ಕಡೆ ನೋಡಿ ಸಣ್ಣಗೆ ನಕ್ಕ. ಆ ನಗು ಸಾಕಾಯಿತು ಇವಳಿಗೆ.

“ನೀವು ಇದರಲ್ಲಿ ಹಾಕೇ ಇಲ್ಲ,” ಎಂದಳು ಕೇಬಲ್‌ನತ್ತ ತಿರುಗಿ.

“ಹಾಕಿದೀನಿ.”

“ಸುಳ್ಳು. ಕೆಲಸ ಕೊಡೋರ ಮುಂದೆ ನನ್ನದು ಕೆಡಬೇಕಿತ್ತು ನಿಮಗೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಮುಖ ಬಿಳಿಚಿತು. ಕೊರಳಿನ ಕೇಬಲ್ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದ.

ಅಪ್ಪ ಮೇಜನ್ನು ಎರಡು ಸಲ ಬಡಿದರು. ಅವಳು ಆ ಕಡೆ ನೋಡಲಿಲ್ಲ.

ಡಾಕ್ಟರಮ್ಮ ನಾಳೆ ಬೆಳಗ್ಗೆ ಕೊನೆಯ ಅವಕಾಶ ಎಂದರು. ಡಾಕ್ಟರಮ್ಮ, ಟೈ ಕಟ್ಟಿದವನು ಇಬ್ಬರೂ ಹೋದ ಮೇಲೆ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳೇ ಹುಡುಕಿದಳು. ಹಳೆಯ ಪೈಥಾನಿನಲ್ಲಿ ಮಾಡ್ಯೂಲಿನ ಸುಳಿವೇ ಇರಲಿಲ್ಲ. ನೋಡಿದೆಯಾ, ಹಾಕಿಯೇ ಇಲ್ಲ ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಮತ್ತೆ ಎರಡು ಸಲ ಬಡಿದರು. ಆಮೇಲೆ ಬೆರಳು ಚಾಚಿ ಪರದೆಯ ಮೂಲೆ ತೋರಿಸಿದರು. ಹಿಂದಿನ ದಿನ ಕೇಬಲ್ ಕೆಲಸ ಮಾಡುವಾಗ ಪಕ್ಕದಲ್ಲೇ ಕುಳಿತಿದ್ದವರು ಅವರು. ಕಂಪ್ಯೂಟರಿಗೆ ಅಪ್ಪಣೆ ಬರೆಯಲು ಅವನು ತೆರೆದಿಟ್ಟಿದ್ದ ಕಪ್ಪು ಕಿಟಕಿ ಇನ್ನೂ ಅಲ್ಲೇ ಅಡಗಿತ್ತು.

ಅದನ್ನು ತೆರೆದಳು. ಯಾವ ಬೇಲಿಯೊಳಗೆ ಇದ್ದೀರಿ ಎಂದು ಆ ಕಿಟಕಿ ಪ್ರತಿ ಸಾಲಿನ ಮೊದಲಲ್ಲೂ ತೋರಿಸುತ್ತದೆ. ಅವನು ಕಟ್ಟಿದ ಬೇರೆ ಕೋಣೆಗೊಂದು ಹೆಸರಿತ್ತು.

ಮೊಂಡಿ.

ಸಾಲು ಸಾಲಿಗೂ ಮೊಂಡಿ, ಮೊಂಡಿ, ಮೊಂಡಿ. ಅದರೊಳಗೆ ಅವಳ ಮಾಡ್ಯೂಲ್ ಕೂದಲೂ ಕೊಂಕದೆ ಕುಳಿತಿತ್ತು. ಅವಳು ಇಟ್ಟ ಐಕಾನ್ ಮಾತ್ರ ಹಳೆಯ ಪೈಥಾನಿನ ಬಾಗಿಲನ್ನು ತಟ್ಟುತ್ತಿತ್ತು.

ಅವನು ಹಾಕಿದ್ದು ನಿಜ. ಪರದೆ ಇಲ್ಲ ಎಂದದ್ದೂ ನಿಜ. ಸುಳ್ಳು ಹೇಳಿದವಳು ನಾನೊಬ್ಬಳೇ...

ಅವಳಿಗೆ ಅಳು ಬಂತು. ಅವನ ಮೇಲೆ ಮನಸ್ಸಾಗಿ ಎಷ್ಟೋ ದಿನವಾಗಿತ್ತು. ಹೋಗಿಬಿಡುತ್ತಾನೆಂಬ ಭಯಕ್ಕೇ ಹೋಗು ಎಂದಂತೆ ಮಾಡಿದ್ದಳು. ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಒಂದು ಸಾಲು ಬರೆದು ಕಳಿಸಿಬಿಡು ಎಂದು ಟೀಚರಕ್ಕ ಹೇಳಿದರೆ ಅದಕ್ಕೆ ಒಪ್ಪಲಿಲ್ಲ. ಎಲ್ಲರೆದುರು ಬೈದು ಮೂಲೆಯಲ್ಲಿ ಕ್ಷಮೆ ಕೇಳುವ ಜಾಯಮಾನ ಅವಳದಲ್ಲ.

ಬೆಳಗ್ಗೆ ಎಲ್ಲರೂ ಮತ್ತೆ ಮ್ಯಾಕ್ ಕೋಣೆಯಲ್ಲಿ ಸೇರಿದ್ದಾಗ ಅವನೇ ಬಂದ. ಮೂರೂ ಕೋಣೆಗಳ ಬೀಗದ ಕೈ ಡಾಕ್ಟರಮ್ಮನಿಗೆ ಒಪ್ಪಿಸಿ ಹೋಗಲು. ಅವಳು ಬಾಗಿಲಿಗೆ ಅಡ್ಡ ನಿಂತಳು, ಬೀಗದ ಕೈಗೊಂಚಲು ಕಿತ್ತುಕೊಂಡಳು, ಎಲ್ಲರ ಕಡೆ ತಿರುಗಿದಳು.

“ಇವರು ಸರಿಯಾಗೇ ಹಾಕಿದ್ರು. ತಪ್ಪು ಬಾಗಿಲಿಗೆ ಐಕಾನ್ ಇಟ್ಟವಳು ನಾನು. ಬೈದವಳೂ ನಾನು, ನಿಮ್ಮೆಲ್ಲರೆದುರು. ಅದಕ್ಕೆ ನಿಮ್ಮೆಲ್ಲರೆದುರೇ ಕ್ಷಮೆ ಕೇಳ್ತಿದೀನಿ.”

ಬರೆದವರಿಗೇ ಗೊತ್ತಾಗದ ಮಾಡ್ಯೂಲನ್ನು ನಂಬುವುದು ಹೇಗೆ ಎಂದು ಟೈ ಕಟ್ಟಿದವನು ಬಾಯಿ ಹಾಕಿದ. ನಿಮ್ಮ ಪ್ಯಾಕೇಜಿಗೆ ಮೊದಲು ‘ಳ’ ಕೇಳಿಸಲಿ, ಆಮೇಲೆ ನಿಮ್ಮ ಮಾತು ಕೇಳುತ್ತೇನೆ ಎಂದಳು. ಡಾಕ್ಟರಮ್ಮ ನಗು ತಡೆದುಕೊಂಡು ಟೀಚರಕ್ಕನಿಗೆ ಸನ್ನೆ ಮಾಡಿದರು.

ಅವಳು ರಾತ್ರಿಯೇ ಸರಿಪಡಿಸಿದ್ದ ಐಕಾನ್ ಒತ್ತಿದಾಗ ಈ ಸಲ ಸರಿಯಾದ ಬಾಗಿಲು ತೆರೆಯಿತು. ‘ಮಳೆ’ ಎಂದು ಹೇಳಿ ಎಂದರು ಟೀಚರಕ್ಕ. ಅಪ್ಪ ಉಸಿರು ಎಳೆದುಕೊಂಡರು. ಬಾಗಿಲ ಬಳಿ ತಲೆ ತಗ್ಗಿಸಿ ನಿಂತವನನ್ನು ನೋಡಿದರು, ಬೀಗದ ಕೈ ಬಿಗಿಹಿಡಿದು ನಿಂತ ಮಗಳನ್ನು ನೋಡಿದರು. ಮತ್ತೆ ಉಸಿರು ತುಂಬಿಕೊಂಡರು.

“ಅ...ಳಿ...ಯ.”

ದನಿ ಒರಟಾಗಿತ್ತು, ಸ್ಪಷ್ಟವಾಗಿತ್ತು. ಗೆರೆ ಎದ್ದಿತು. ಹಸಿರಾಯಿತು.

ಇದು ನಾನು ಕೊಟ್ಟ ಪದವಲ್ಲ ಎಂದರು ಟೀಚರಕ್ಕ. ಅಪ್ಪ ಮೇಜಿನ ಮೇಲೆ ಒಂದೇ ಒಂದು ಸಲ ಬಡಿದರು. ಡಾಕ್ಟರಮ್ಮ ಟೈ ಕಟ್ಟಿದವನಿಗೆ ಚೀಲ ಮುಚ್ಚಲು ಹೇಳಿದರು.

ಉಳಿದವರೆಲ್ಲ ಹೊರಗೆ ಹೋಗುವವರೆಗೆ ಅವನೂ ಅವಳೂ ಅಲುಗಲಿಲ್ಲ. ಅಪ್ಪ ಮಾತ್ರ ಮೈಕಿನ ಮುಂದಿಂದ ಏಳದೆ, ಗೋಡೆ ನೋಡುತ್ತಿರುವವರಂತೆ ನಟಿಸುತ್ತ ಕುಳಿತರು.

“ಬೀಗದ ಕೈ ಕೊಡಿ,” ಎಂದ ಅವನು, ಮೆಲ್ಲಗೆ.

“ಕೊಡಲ್ಲ. ಆ ಕಂಪನಿಗೆ ಹೋಗೋದಾದ್ರೆ ನನ್ನ ಮೇಲಿನ ಸಿಟ್ಟಿಗೆ ಹೋಗಬೇಡಿ. ನನ್ನನ್ನ ಕಟ್ಟಿಕೊಂಡು ಎಲ್ಲಿ ಬೇಕಾದ್ರೂ ಹೋಗಿ.”

ಅವನು ಬೆಚ್ಚಿ ಅಪ್ಪನ ಕಡೆ ನೋಡಿದ. ಅಪ್ಪ ಗೋಡೆ ನೋಡುತ್ತಲೇ ಒಂದು ಸಲ ಬಡಿದರು.

ಅವಳು ಮೇಜಿನ ಮೇಲಿದ್ದ ಕೇಬಲನ್ನು ಎತ್ತಿ, ಕಾಲ್ತುದಿಯಲ್ಲಿ ನಿಂತು, ಅವನ ಕೊರಳಿಗೆ ಹಾಕಿದಳು.

“ಆ ಕೋಣೆಗೆ ನನ್ನ ಅಡ್ಡಹೆಸರು ಯಾಕಿಟ್ರಿ?”

“ದಿನಾ ಬರೀಬೇಕಿತ್ತಲ್ಲ... ಬರೆಯೋಕೆ ಇಷ್ಟವಾದ ಹೆಸರು ಇಟ್ಟೆ.” ಅವನ ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ನಗುವಿತ್ತು. “ಬೇಜಾರಾದ್ರೆ ಬದಲಾಯಿಸ್ತೀನಿ.”

“ಬದಲಾಯಿಸಿ ನೋಡಿ,” ಎಂದಳು ಮೊಂಡಿ, ಕೇಬಲಿನ ಎರಡೂ ತುದಿಯನ್ನು ಬಿಡದೆ.