ಅಟ್ಟದ ಮೇಲಿನ ಹಸಿ ಕಾಯಿ

ತೆಂಗಿನಕಾಯಿ ಸುಲಿಯುವ ಹಾರೆಯನ್ನು ನೀವು ನೋಡಿರುತ್ತೀರಿ. ನೆಲಕ್ಕೆ ನೆಟ್ಟ ಕಬ್ಬಿಣ. ತುದಿ ಮೇಲಕ್ಕೆ, ಚೂಪಾಗಿ.

ಆ ತುದಿಯ ನೇರಕ್ಕೆ ನನ್ನ ಗಂಟಲಿತ್ತು!

ಒಬ್ಬ ಕುತ್ತಿಗೆ ಒತ್ತುತ್ತಿದ್ದ. ಇನ್ನೊಬ್ಬ ಕೈ ತಿರುಚಿ ಹಿಡಿದಿದ್ದ. ಎದುರಿಗೆ ಕಾಯಿ ರಾಶಿಯ ಮೇಲೆ ಮೋಹನ್ ಕುಮಾರ್ ಆರಾಮಾಗಿ ಕೂತಿದ್ದ. ತಿಪಟೂರಿನಲ್ಲಿ ಸ್ಲಿಮ್ಮಿಂಗ್ ಸೆಂಟರ್ ಇಟ್ಟವನು. ಬೋರ್ಡಿನಲ್ಲಿ ಡಾಕ್ಟರ್... ಓದಿದ್ದು ಮಾತ್ರ ಪಿಯುಸಿ.

"ಯಾರು ಕಳಿಸಿದ್ದು, ಕಲ್ಲೇಶ್?"

"ದಾರಿ ತಪ್ಪಿ ಬಂದೆ."

ಹಾರೆ ಚರ್ಮಕ್ಕೆ ತಾಗಿತು.

"ಇಂಜೆಕ್ಷನ್ ಸೀಸೆ ಒಂದೂ ಸಿಗಲ್ಲ ಕಣಪ್ಪ. ಸುಮ್ನೆ ಈ ಕೇಸು ಬುಡು."

ಬಿಡಬಹುದಿತ್ತು. ಆದರೆ ಆ ಹುಡುಗಿಯ ಹೊಟ್ಟೆಯನ್ನು ನಾನು ಕಣ್ಣಾರೆ ನೋಡಿದ್ದೆ.

ಜೀವಿತಾ. ಅರಳಗುಪ್ಪೆಯ ದ್ರಾಕ್ಷಾಯಣಮ್ಮನ ಮೊಮ್ಮಗಳು. ಮದುವೆ ಗೊತ್ತಾಗಿತ್ತು. ಸೀರೆಯಲ್ಲಿ ಹೊಟ್ಟೆ ಕಾಣುತ್ತದೆ ಎಂದು ಯಾರೋ ನಕ್ಕರಂತೆ. ಕೊಬ್ಬು ಕರಗಿಸುವ ಇಂಜೆಕ್ಷನ್ ಅಂತ ಮೋಹನ್ ಕುಮಾರ್ ಹೊಟ್ಟೆ ತುಂಬಾ ಚುಚ್ಚಿದ. ಈಗ ಚುಚ್ಚಿದ ಕಡೆಯೆಲ್ಲ ಕೀವು, ಕಪ್ಪಾದ ಚರ್ಮ. ತುಮಕೂರಿನ ಆಸ್ಪತ್ರೆಯಲ್ಲಿ ಜ್ವರ ಇಳಿಯದೆ ಮಲಗಿದ್ದಳು.

ಅಲ್ಲಿನ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದರು. ಗದ್ದದ ಕೆಳಗಿನ ಕೊಬ್ಬಿಗೆ ಒಂದು ಔಷಧಿ ಇದೆಯಂತೆ. ಅದೂ ತಿಳಿದ ವೈದ್ಯರ ಕೈಯಲ್ಲಿ ಮಾತ್ರ. ಊತ, ನೋವು ಅದಕ್ಕೂ ತಪ್ಪಿದ್ದಲ್ಲ. ಹೊಟ್ಟೆಗೆ ಹಾಕಿದರೆ ಕರಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಇವಳಿಗೆ ಹಾಕಿದ್ದು ಆ ಔಷಧಿಯೋ, ಇನ್ನೇನೋ... ದೇವರೇ ಬಲ್ಲ! ಗಾಯದ ಟೆಸ್ಟಿನಲ್ಲಿ ಕ್ರಿಮಿ ಸಿಗುತ್ತಿಲ್ಲ. ಯಾವ ಮಾತ್ರೆಯೂ ನಾಟುತ್ತಿಲ್ಲ.

"ಆ ಸೀಸೆ ತಂದ್ಕೊಡಿ. ಬೇಗ," ಎಂದಿದ್ದರು.

ಪೊಲೀಸರ ಹತ್ತಿರ ಹೋಗಲು ಮುಜುಗರ ಇರುವವರು ಖಾಸಗಿ ಪತ್ತೇದಾರನಾದ ನನ್ನ ಹತ್ತಿರ ಬರುತ್ತಾರೆ. ಅಜ್ಜಿಯೂ ಹಾಗೇ ಬಂದಿದ್ದು. ಅವರ ಮಗ ರೇಣುಕಪ್ರಸಾದ್, ಅಂದರೆ ಜೀವಿತಾಳ ಚಿಕ್ಕಪ್ಪ, ನನ್ನನ್ನು ಕಂಡು ಮುಖ ಗಂಟಿಕ್ಕಿದ್ದ. ಕೊಬ್ಬರಿ ವ್ಯಾಪಾರಿ. ಸೆಂಟರ್ ಇರುವ ಕಟ್ಟಡ ಅವನದೇ. ಬಾಡಿಗೆ ಬಿಟ್ಟರೆ ತನಗೇನೂ ಗೊತ್ತಿಲ್ಲ ಎಂದಿದ್ದ.

ಸೆಂಟರ್ ಜಾಲಾಡಿದ್ದೆ. ಫಿನಾಯಿಲ್ ವಾಸನೆ ಬಿಟ್ಟು ಏನೂ ಇರಲಿಲ್ಲ. ಹೊರಗೆ ಬರುವಾಗ ಇವರ ಕೈಗೆ ಸಿಕ್ಕಿದ್ದೆ. ಬೈಕಿನ ಸಮೇತ ಈ ತೋಟಕ್ಕೆ ಎಳೆದು ತಂದಿದ್ದರು.

ಕಾಯಿ ರಾಶಿ ನೋಡಿದೆ. ಬುಡದ ಕಾಯಿ ನನ್ನ ಕಾಲಿಗೆ ಎಟುಕುತ್ತಿತ್ತು.

ಜಾಡಿಸಿ ಒದ್ದೆ!

ರಾಶಿ ಜಾರಿತು. ಮೋಹನ್ ಕುಮಾರ್ ಅಂಗಾತ ಬಿದ್ದ. ಕುತ್ತಿಗೆಯ ಮೇಲಿನ ಕೈ ಸಡಿಲವಾಯಿತು. ಮೊಣಕೈಯಿಂದ ಒಬ್ಬನ ಮೂಗಿಗೆ ಕೊಟ್ಟೆ. ಓಡಿದೆ. ತೋಟ ದಾಟಿ, ಬೈಕ್ ಹತ್ತಿ... ಹಿಂದೆ ಒಂದು ಪಿಕಪ್! ಕೆರೆ ಏರಿಯ ಪಕ್ಕದ ಕಾಲುದಾರಿಗೆ ಬೈಕ್ ಇಳಿಸಿದೆ. ಪಿಕಪ್ ಅಲ್ಲಿ ಇಳಿಯಲಾರದು.

ಅರಳಗುಪ್ಪೆಗೆ ಬಂದಾಗ ಮಟಮಟ ಮಧ್ಯಾಹ್ನ. ಸೀಸೆ ಸಿಗಲಿಲ್ಲ ಅಂತ ಅಜ್ಜಿಗೆ ಹೇಳಿದೆ. ಹೇಳುವಾಗ ನಾಚಿಕೆಯಾಯಿತು. ಅವರು ನನ್ನ ಗಂಟಲಿನ ರಕ್ತ ನೋಡಿದರು, ಬೈಯಲಿಲ್ಲ.

"ಬರಿಗೈಲಿ ಹೋಗ್ಬ್ಯಾಡ. ಅಟ್ಟದ ಮ್ಯಾಲೆ ಹೋದ್ವರ್ಷದ ಕಾಯಿ ಅವೆ. ಎಲ್ಡು ತಗಂಡೋಗು."

ಏಣಿ ಹತ್ತಿದೆ. ಕಾದ ಹೆಂಚಿನ ಕೆಳಗೆ ಕಾಯಿ ಗುಡ್ಡೆ. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ನಮ್ಮ ಕಡೆ ಎಲ್ಲರಿಗೂ ಇರುವ ಚಟ. ವರ್ಷ ತುಂಬಿದ ಕಾಯಿಯಲ್ಲಿ ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅನ್ನಬೇಕು.

ಇದರಲ್ಲಿ ನೀರು ಕುಲುಕಿತು!

ಇನ್ನೊಂದು. ಅದರಲ್ಲೂ ನೀರು.

ಹಳೆ ಕಾಯಿಯ ಮೇಲೆ ಹಸಿ ಕಾಯಿ ಯಾರೂ ಸುರಿಯುವುದಿಲ್ಲ... ಏನನ್ನೋ ಮುಚ್ಚುವ ಅವಸರ ಇಲ್ಲದಿದ್ದರೆ.

"ಅಜ್ಜಿ, ಅಟ್ಟಕ್ಕೆ ಯಾರು ಹತ್ತಿದ್ರು?"

"ಮೊನ್ನೆ ಪ್ರಸಾದ ಹತ್ತಿದ್ದ. ಇಲಿ ಆಗವೆ ಅಂದ."

ಕಾಯಿ ಸರಿಸಿದೆ. ತಳದಲ್ಲಿ ಥರ್ಮಾಕೋಲ್ ಡಬ್ಬ. ಅದರಲ್ಲಿ ಸೀಸೆಗಳು. ಕಂಪನಿ ಹೆಸರಿಲ್ಲ. ಕೆಲವು ಅರ್ಧ ಖಾಲಿ.

"ಡಬ್ಬ ಅಲ್ಲೇ ಬುಟ್ಟು ಕೆಳಗಿಳಿ, ಕಲ್ಲೇಶ್."

ಏಣಿಯ ಬುಡದಲ್ಲಿ ರೇಣುಕಪ್ರಸಾದ್. ಕೈಯಲ್ಲಿ ಮಚ್ಚು. ಮೋಹನ್ ಕುಮಾರ್ ಫೋನ್ ಮಾಡಿರಬೇಕು. ಸೆಂಟರಿನಲ್ಲಿ ಅರ್ಧ ಪಾಲು ತನ್ನದು ಎಂದು ರೇಣುಕಪ್ರಸಾದನೇ ಬಾಯಿಬಿಟ್ಟ. ಜೀವಿತಾ ಹೇಗೂ ಹುಷಾರಾಗುತ್ತಾಳೆ, ಔಷಧಿಯಲ್ಲಿ ದೋಷವಿಲ್ಲ, ಅವಳ ಮೈಗೆ ಒಗ್ಗಲಿಲ್ಲ ಅಷ್ಟೇ ಎಂದ. ತಾನು ಜೈಲಿಗೆ ಹೋದರೆ ಮದುವೆ ಮಾಡುವವರು ಯಾರಂತೆ!

ದ್ರಾಕ್ಷಾಯಣಮ್ಮ ಎದ್ದು ಬಂದರು. ಮಚ್ಚಿನ ಮುಂದೆಯೇ ನಿಂತರು. ಏಣಿಯಲ್ಲಿ ಅರ್ಧ ಇಳಿದಿದ್ದ ನನ್ನ ಕಡೆ ಕೈ ಚಾಚಿ ಒಂದು ಸೀಸೆ ಇಸಿದುಕೊಂಡರು.

"ದೋಸ ಇಲ್ವಲ್ಲ. ಇದ್ನ ಈಗ ನಿನ್ ಹೊಟ್ಟೆಗೆ ಚುಚ್ಕೊ. ಆಮ್ಯಾಕೆ ಡಬ್ಬ ತಗಂಡೋಗು."

ಅವನು ಸೀಸೆ ನೋಡಿದ. ತಾಯಿಯ ಮುಖ ನೋಡಿದ. ಬೆವರಿದ.

"ಚುಚ್ಕೊಳ್ಳೋ."

ಮಚ್ಚು ನೆಲಕ್ಕೆ ಬಿತ್ತು. ನನಗೆ ಅವನ ಮೇಲೆ ಮರುಕ ಹುಟ್ಟಲಿಲ್ಲ. ಔಷಧಿ ಕೆಟ್ಟದ್ದೆಂದು ಅವನಿಗೆ ಮೊದಲೇ ಗೊತ್ತಿತ್ತು.

ಲ್ಯಾಬಿನಲ್ಲಿ ಸತ್ಯ ಹೊರಬಿತ್ತು. ಕೊಳಕು ನೀರಿನ ಕ್ರಿಮಿ. ಮೋಹನ್ ಕುಮಾರ್ ಔಷಧಿಗೆ ಬೋರ್‌ವೆಲ್ ನೀರು ಬೆರೆಸುತ್ತಿದ್ದ! ಸರಿಯಾದ ಮಾತ್ರೆ ಶುರುವಾಯಿತು. ಜೀವಿತಾ ಉಳಿದಳು. ಹೊಟ್ಟೆಯಿಂದ ಅಂಗೈಯಗಲ ಮಾಂಸ ಕತ್ತರಿಸಿದರು. ಗಂಡಿನ ಕಡೆಯವರು ಮತ್ತೆ ಫೋನ್ ಮಾಡಲಿಲ್ಲ.

ಮಗನನ್ನೂ ಮೋಹನ್ ಕುಮಾರನನ್ನೂ ಪೊಲೀಸರು ಜೀಪಿಗೆ ಹತ್ತಿಸಿದ ದಿನ ಅಜ್ಜಿ ಅಳಲಿಲ್ಲ. ನನ್ನ ಕೈಗೆ ಎರಡು ಕಾಯಿ ಕೊಟ್ಟರು.

ಎರಡನ್ನೂ ಅವರ ಎದುರಿಗೇ ಅಲ್ಲಾಡಿಸಿ ನೋಡಿ, ಲೊಡಲೊಡ ಅಂದ ಮೇಲೆ ತೆಗೆದುಕೊಂಡೆ.