ಕಳ್ಳ ಕಾಯಿಸಿದ ನೀರು

1992ರ ಜನವರಿ 19, ಭಾನುವಾರ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಲ್ಯಾಂಕಾಷೈರಿನ ಹೆಲ್ಮ್‌ಕ್ಲಫ್ ಠಾಣೆಗೆ ಕ್ಲಿಫರ್ಡ್ ಆಸ್ಪಿನಾಲ್ ಎಂಬ ಹಿರಿಯ ಗೃಹಸ್ಥ ಏದುಸಿರು ಬಿಡುತ್ತಾ ಬಂದು, ರಾತ್ರಿ ತನ್ನ ಲಾರಿ ಕಳುವಾಗಿದೆ ಎಂದು ದೂರು ಕೊಟ್ಟ.

"ಬರೀ ಲಾರಿ ಅಲ್ಲಪ್ಪಾ," ಎಂದ, ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಪಿಲ್ಲಿಂಗ್‌ಗೆ. "ಮೂವತ್ತಾರನೇ ಇಸವಿದು, ಆಟ್ಕಿನ್ಸನ್ ಕಂಪನೀದು. ಎಂಟು ಚಕ್ರ. ಅಂಥದ್ದು ದೇಶದಲ್ಲಿ ಇನ್ನೊಂದಿದ್ರೆ ಹೆಚ್ಚು."

"ಎಷ್ಟು ಸ್ಪೀಡ್ ಹೋಗುತ್ತೆ?"

"ಗಂಟೆಗೆ ಇಪ್ಪತ್ತು ಮೈಲಿ."

"ಹಾಗಾದ್ರೆ ನಡ್ಕೊಂಡ್ಹೋಗೇ ಹಿಡೀಬಹುದು ಬಿಡಿ."

ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರ್ ಬೆರಿಲ್ ಹೇವರ್ತ್ ಅವನತ್ತ ಕಣ್ಣು ಬಿಟ್ಟಳು. ಪಿಲ್ಲಿಂಗ್ ನಗು ನುಂಗಿದ. ದೂರು ದಾಖಲಾಯಿತು.

ಹತ್ತು ಗಂಟೆಗೆ ಸ್ಥಳ ಮಹಜರು. ಊರಾಚೆಯ ತಗಡಿನ ಶೆಡ್ಡು. ಬೀಗ ಮುರಿದಿರಲಿಲ್ಲ, ಬೀಗದ ಕೈ ಇಟ್ಟಿಗೆಯಡಿ ಇರುವುದು ಹಳೇ ಲಾರಿಗಳ ಸಂಘದವರಿಗೆಲ್ಲ ಗೊತ್ತಿದ್ದ ಗುಟ್ಟು. ಹೊರಗೆ ನೆಲವೆಲ್ಲ ಹಿಮಗಟ್ಟಿ ಕಲ್ಲಾಗಿತ್ತು. ಒಳಗೆ ಬೆರಿಲ್ ಮೂಲೆಯ ಕಬ್ಬಿಣದ ಒಲೆಗೆ ಬೆನ್ನು ಕೊಟ್ಟು ನಿಂತವಳು ಥಟ್ಟನೆ ತಿರುಗಿದಳು. ಒಲೆ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಎರಡು ಬಕೆಟ್ಟು.

"ನಿನ್ನೆ ಒಲೆ ಹಚ್ಚಿದ್ರಾ?"

"ಇಲ್ಲ ಮೇಡಂ. ಒಲೆ ಹಚ್ಚಿ ವಾರ ಆಯ್ತು. ನಿನ್ನೆ ಸಂಜೆ ಬಂದು ನೋಡಿದಾಗ ಲಾರಿ ಇತ್ತು, ಅಷ್ಟೇ."

"ಲಾರಿಗೆ ನೀರು?"

"ಚಳಿಗಾಲದಲ್ಲಿ ಇಳಿಸಿಬಿಡ್ತೀವಿ. ಒಳಗಿದ್ರೆ ಹೆಪ್ಪುಗಟ್ಟಿ ಇಂಜಿನ್ ಸೀಳುತ್ತೆ. ಹೊರಡಿಸೋ ಮುಂಚೆ ಬಿಸಿನೀರು ತುಂಬ್ತೀವಿ. ಮುದುಕಿ ನೋಡಿ, ತಣ್ಣೀರು ಹುಯ್ದ್ರೆ ಏಳಲ್ಲ ಅಂತಾಳೆ."

ಬೆರಿಲ್‌ಗೆ ಕಳ್ಳನ ಮೇಲೆ ಒಂದು ಬಗೆಯ ಗೌರವ ಹುಟ್ಟಿತು. ಗುಜರಿ ಕಳ್ಳನಾಗಿದ್ದರೆ ಲಾರಿಯನ್ನು ಸರಪಳಿ ಕಟ್ಟಿ ಎಳೆದೊಯ್ಯುತ್ತಿದ್ದ. ಕದಿಯಲು ಬಂದವನು ಒಲೆ ಹಚ್ಚಿ, ಬಕೆಟ್ಟುಗಟ್ಟಲೆ ನೀರು ಕಾಯಿಸುತ್ತಾ ಕೂತಿದ್ದನೆಂದರೆ ಅವನು ಸಂಘದವನೇ.

"ಇದನ್ನ ಓಡಿಸೋಕೆ ಯಾರಿಗೆ ಬರುತ್ತೆ?"

"ನಾಲ್ಕೈದು ಜನ ಏನೋ ತಿಣುಕಾಡ್ತಾರೆ. ಚೆನ್ನಾಗಿ ಬರೋದು ವಿಲ್ಫ್‌ಗೆ. ವಿಲ್ಫ್ ಗ್ರಿಮ್‌ಶಾ. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ರೈತನ ಹಿತ್ತಲಲ್ಲಿ ಕೋಳಿಗೂಡಾಗಿತ್ತು ಇದು. ನಾವಿಬ್ರೂ ಎಳ್ಕೊಂಡು ಬಂದ್ವಿ. ಶೆಡ್ಡು ನಂದು, ಕಾಗದ ನನ್ ಹೆಸರಲ್ಲಿ. ಕೆಲಸ ಅವಂದು. ಆದ್ರೆ ಅವನ ಮೇಲೆ ಅನುಮಾನ ಬೇಡ ಮೇಡಂ. ಅವನು ನನ್ ಬಲಗೈ."

ಭಾನುವಾರ ಮಧ್ಯಾಹ್ನ ಸಂಘದವರು ಸೇರುವುದು 'ವೀವರ್ಸ್' ಪಬ್ಬಿನಲ್ಲಿ. ಬೆರಿಲ್ ಒಳಗೆ ಹೋಗಿ, ಆಟ್ಕಿನ್ಸನ್ ಕಳುವಾಗಿದೆ ಎಂದಷ್ಟೇ ಹೇಳಿ ಬಾಗಿಲ ಬಳಿ ನಿಂತಳು. ಗುಲ್ಲೆದ್ದಿತು.

"ನೀರು ಇಳಿಸಿದಾನಾ ಆ ಬಡ್ಡಿಮಗ?"

"ಅವನಿಗೇನ್ ಗೊತ್ತು! ಇವತ್ತು ರಾತ್ರಿ ಒಂದು ಸಾಕು, ಇಂಜಿನ್ ಎರಡು ಹೋಳು."

"ಲೇ, ರೇಡಿಯೋದವರಿಗೆ ಹೇಳ್ರೋ, ನೀರಾದ್ರೂ ಇಳಿಸು ಮಾರಾಯ ಅಂತ ಕೂಗ್ಲಿ!"

ಲಾರಿ ಹೋಯಿತೆನ್ನುವುದಕ್ಕಿಂತ ನೀರಿನ ಸಂಕಟವೇ ಎಲ್ಲರಿಗೂ ಹೆಚ್ಚಾಗಿತ್ತು. ಕಿಟಕಿಯ ಬಳಿ ಒಬ್ಬ ಮಾತ್ರ ತಲೆಯೆತ್ತದೆ ಮಾಂಸದ ಪೈ ತಿನ್ನುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗಾಗಿ ಪೊಲೀಸರು ಕಾಯುವುದುಂಟು. ಇಲ್ಲಿ ಎಲ್ಲರೂ ಮುಟ್ಟಿ ನೋಡಿಕೊಂಡರು, ಒಬ್ಬನನ್ನು ಬಿಟ್ಟು.

ಬೆರಿಲ್ ಹೋಗಿ ಅವನೆದುರು ಕೂತಳು.

"ವಿಲ್ಫ್ ಗ್ರಿಮ್‌ಶಾ?"

"ಹೌದು."

"ನಿನ್ನೆ ರಾತ್ರಿ ಎಲ್ಲಿದ್ರಿ?"

"ಮನೇಲಿ."

"ನೀವೊಬ್ರು ನೀರಿನ ಮಾತೇ ಎತ್ತಲಿಲ್ಲ. ಕಳ್ಳ ಇಳಿಸಿಲ್ವೇನೋ ಪಾಪ. ಬೆಳಗಾಗೋದ್ರೊಳಗೆ ಇಂಜಿನ್ ಒಡೆದೇ ಹೋಗುತ್ತೆ, ಅಲ್ವಾ?"

"ಇಳಿಸದೆ ಬಿಡ್ತೀನಾ!" ಎಂದ ವಿಲ್ಫ್, ಸಿಟ್ಟಿನಿಂದ.

ಎಲ್ಲರೂ ಇತ್ತ ತಿರುಗಿದರು. ವಿಲ್ಫ್ ಫೋರ್ಕನ್ನು ತಟ್ಟೆಯ ಪಕ್ಕದಲ್ಲಿಟ್ಟು, ಕೋಟಿಗಾಗಿ ಕೈಚಾಚಿದ.

ಮುಚ್ಚಿಹೋದ ನೂಲಿನ ಗಿರಣಿಯೊಂದರ ಹಿಂಭಾಗದಲ್ಲಿ, ಟಾರ್ಪಾಲಿನ ಕೆಳಗೆ ಲಾರಿ ಸಿಕ್ಕಿತು. ಒಂದು ಗೀರೂ ಬಿದ್ದಿರಲಿಲ್ಲ. ಎರಡೂವರೆಗೆ ವಿಲ್ಫ್‌ನನ್ನು ಬಂಧಿಸಲಾಯಿತು. ಠಾಣೆಯಲ್ಲಿ ಪಿಲ್ಲಿಂಗ್ ಚಹಾ ಕೊಟ್ಟ. ಹೇಳಿಕೆ ಶುರುವಾಯಿತು.

"ಯಾಕೆ ಕದ್ರಿ?" ಎಂದಳು ಬೆರಿಲ್.

"ಹೋದ ತಿಂಗಳು ಕ್ಲಿಫ್ ಹೇಳ್ದ, ಇಂಜಿನ್ ಬೋಲ್ಟೆಲ್ಲ ಬಿಚ್ಚಿಡು, ಇಂಜಿನ್ ಎತ್ತಿ ಕೆಳಗೆಲ್ಲ ಬಣ್ಣ ಹೊಡ್ಯೋಣ ಅಂತ. ನಾಲ್ಕು ಭಾನುವಾರ ಲಾರಿ ಕೆಳಗೆ ಮಲಗಿ ಬಿಚ್ದೆ. ತುಕ್ಕು ಹಿಡಿದಿದ್ದನ್ನ ಎಣ್ಣೆ ಬಿಟ್ಟು ಬಿಟ್ಟು, ಒಂದೂ ಮುರೀದ ಹಾಗೆ. ಗುರುವಾರ ಯಾರೋ ಒಬ್ಬ ಟೇಪು ಹಿಡ್ಕೊಂಡು ಬಂದ. ಲಂಡನ್‌ನವನು. ಇಂಜಿನ್ ತೆಗೆದ ಜಾಗದಲ್ಲಿ ಬಿಯರ್ ಪೀಪಾಯಿ ಎಷ್ಟು ಹಿಡಿಯುತ್ತೆ ಅಂತ ಅಳೀತಿದ್ದ. ಹೋಟೆಲ್ ಮುಂದೆ ನಿಲ್ಲಿಸ್ತಾರಂತೆ. ಕ್ಲಿಫ್ ಮಾರಿ ಆಗಿತ್ತು."

"ಕ್ಲಿಫರ್ಡ್‌ನ ಕೇಳಲಿಲ್ವಾ?"

"ಏನಂತ ಕೇಳ್ಲಿ? ಲಾರಿ ಅವಂದು. ಮಾರ್ತೀನಿ ಅಂದಿದ್ರೆ ಜಗಳ ಆಡ್ತಿದ್ದೆ, ಒಂದು ವರ್ಷ ಮಾತು ಬಿಡ್ತಿದ್ದೆ. ಅಷ್ಟೇ. ಅದರ ಕರುಳನ್ನ ನನ್ ಕೈಯಿಂದ್ಲೇ ಬಿಚ್ಚಿಸ್ದ, ಮೇಡಂ. ಪಕ್ಕದಲ್ಲಿ ಕೂತು ಸ್ಪ್ಯಾನರ್ ಎತ್ತಿಕೊಡ್ತಿದ್ದ."

ಕಳವಿನ ಹಿಂದಿನ ರಾತ್ರಿಗಳಲ್ಲಿ ಅವನು ಆ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿದಿದ್ದ. ಬೆರಿಲ್ ಬರೆದುಕೊಂಡಳು. ಅವಳಿಗೆ ಸಂಕಟವಾಗುತ್ತಿತ್ತು, ಆದರೆ ಕಾನೂನಿನಲ್ಲಿ ಸಂಕಟಕ್ಕೆ ಕಲಂ ಇಲ್ಲ. ಸಹಿ ಹಾಕಿಸಿಕೊಂಡು, ಆಪಾದನೆ ಓದಿ ಹೇಳಿ, ಜಾಮೀನಿನ ಕಾಗದ ಸಿದ್ಧ ಮಾಡಿಸಿದಳು.

ಹೊರಗೆ ಕ್ಲಿಫರ್ಡ್ ಬೆಂಚಿನ ಮೇಲೆ ಕೂತಿದ್ದ. ವಿಷಯ ಕೇಳಿ ಅವನ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಟೋಪಿ ತಿರುಗಿಸತೊಡಗಿದ.

"ಮೇಡಂ, ಒಂದು ಮಾತು. ಲಂಡನ್‌ನವರು ನಾಳೆ ಬರ್ತಾರೆ. ಗಿರಣಿ ಓಣಿ ಕಿರಿದು, ಇಳಿಜಾರು ಬೇರೆ. ನಾನು ಗೇರ್ ಹಾಕಿದ್ರೆ ಹಲ್ಲೆಲ್ಲ ಉದುರಿಹೋಗುತ್ತೆ." ಅವಳ ಮುಖ ನೋಡಲಿಲ್ಲ. "ವಿಲ್ಫ್‌ನ ಒಂದು ಗಂಟೆ ಕಳಿಸ್ತೀರಾ? ಶೆಡ್ಡಿಗೆ ತಂದು ನಿಲ್ಲಿಸ್ಲಿ, ಸಾಕು."

"ನೀವೇ ಕೇಳ್ತೀರಾ?"

"ನನ್ ಕೈಲಾಗಲ್ಲ."

ಉಗಿದು ಕಳಿಸಬೇಕೆನಿಸಿತು ಬೆರಿಲ್‌ಗೆ. ಆದರೂ ಒಳಗೆ ಹೋಗಿ, ಕೇಳಿದ್ದನ್ನು ಇದ್ದ ಹಾಗೆ ಹೇಳಿದಳು. ವಿಲ್ಫ್ ಚಹಾದ ಲೋಟ ಪಕ್ಕಕ್ಕಿಟ್ಟ.

"ನಾನು ಬರಲ್ಲ ಅಂದ್ರೆ ಯಾರು ಓಡಿಸ್ತಾರೆ?"

"ಕ್ಲಿಫರ್ಡ್ ಅವರೇ ಅಂತೆ."

"ಗೇರ್‌ಬಾಕ್ಸ್ ಮುರಿದು ಹಾಕ್ತಾನೆ," ಎಂದು ವಿಲ್ಫ್ ಎದ್ದು ಕೋಟು ಹಾಕಿಕೊಂಡ.